ವಸಡಿನ ರಕ್ತ, ಅಲ್ಲಾಡುವ ಹಲ್ಲು: ಓದುಗರ ಪ್ರಶ್ನೆ, ವಸಡು ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ವಸಡಿಗೆ ಸಂಬಂಧಿಸಿದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಬರೆದವರ ಹೆಸರು ಬಿಟ್ಟು, ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನಗೆ 34 ವರ್ಷ. ಒಂದು ವರ್ಷದಿಂದ ಹಲ್ಲುಜ್ಜುವಾಗ ಕೆಳಗಿನ ಮುಂಬಲ್ಲುಗಳ ವಸಡಿನಿಂದ ರಕ್ತ ಬರುತ್ತಿದೆ. ನೋವೇನೂ ಇಲ್ಲ. ಬ್ರಷ್ ತಾಗಿ ಗಾಯವಾಗುತ್ತಿರಬಹುದೆಂದು ಆ ಭಾಗವನ್ನು ಬಿಟ್ಟು ಉಳಿದ ಹಲ್ಲುಗಳನ್ನಷ್ಟೇ ಉಜ್ಜುತ್ತಿದ್ದೇನೆ. ಆದರೂ ನಿಂತಿಲ್ಲ. ವಿಟಮಿನ್ ಸಿ ಮಾತ್ರೆ ತೆಗೆದುಕೊಂಡರೆ ಸಾಕೆ? – ಬೆಳಗಾವಿ

ಉತ್ತರ: ಆ ಭಾಗವನ್ನು ಬಿಟ್ಟು ಉಜ್ಜುತ್ತಿರುವುದೇ ರಕ್ತ ನಿಲ್ಲದಿರುವುದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ಆರೋಗ್ಯವಾಗಿರುವ ವಸಡಿನಿಂದ ಮೆದುವಾದ ಬ್ರಷ್ ತಾಗಿದ ಮಾತ್ರಕ್ಕೆ ರಕ್ತ ಬರುವುದಿಲ್ಲ. ಹಲ್ಲು ಮತ್ತು ವಸಡು ಕೂಡುವ ಅಂಚಿನಲ್ಲಿ ಬ್ಯಾಕ್ಟೀರಿಯಾಗಳು ಅಂಟಂಟಾದ ಪದರವೊಂದನ್ನು ಕಟ್ಟಿಕೊಳ್ಳುತ್ತವೆ. ಜನ ಇದನ್ನು ಪಾಚಿ ಎನ್ನುತ್ತಾರೆ, ದಂತವೈದ್ಯರು ಪ್ಲಾಕ್ ಎನ್ನುತ್ತಾರೆ. ಅದನ್ನು ದಿನವೂ ತೆಗೆಯದಿದ್ದರೆ ದೇಹ ಅದನ್ನು ಎದುರಿಸಲು ಆ ಜಾಗಕ್ಕೆ ಹೆಚ್ಚು ರಕ್ತವನ್ನು ಹರಿಸುತ್ತದೆ, ವಸಡು ಕೆಂಪಾಗಿ ಊದಿಕೊಳ್ಳುತ್ತದೆ, ಹಲ್ಲಿನ ಕಡೆಗಿರುವ ಅದರ ಒಳಪದರ ತೆಳುವಾಗಿ ಅಲ್ಲಲ್ಲಿ ಹುಣ್ಣಾಗುತ್ತದೆ, ಏನು ತಾಗಿದರೂ ರಕ್ತ ಒಸರುತ್ತದೆ. ಕೆಳಗಿನ ಮುಂಬಲ್ಲುಗಳ ಹಿಂಬದಿ ಜೊಲ್ಲುಗ್ರಂಥಿಗಳ ನಾಳ ತೆರೆದುಕೊಳ್ಳುವ ಜಾಗಕ್ಕೆ ಹತ್ತಿರವಾದ್ದರಿಂದ, ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಅಂಶಗಳು ಪಾಚಿಯೊಳಗೆ ಸೇರಿ ಅದು ಅಲ್ಲಿ ಬೇಗನೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕನ್ನಡಿಯ ಮುಂದೆ ನಿಂತು, ಬಾಯಿ ತೆರೆದು, ಆ ಹಲ್ಲುಗಳ ಹಿಂಬದಿಗೆ ಮೊಬೈಲ್ ಬೆಳಕು ಬಿಟ್ಟು ನೋಡಿದರೆ ಹಳದಿ ಅಥವಾ ಕಂದು ಬಣ್ಣದ ಕಟ್ಟೆಯೊಂದು ಕಾಣಬಹುದು. ಹೀಗೆ ಗಟ್ಟಿಯಾದದ್ದು ಯಾವ ಬ್ರಷ್ಷಿಗೂ ಬಗ್ಗುವುದಿಲ್ಲ.

ಈ ಹಂತದ ಕಾಯಿಲೆಗೆ ಜಿಂಜಿವೈಟಿಸ್ ಎನ್ನುತ್ತೇವೆ. ಇದು ಪೂರ್ತಿ ವಾಸಿಯಾಗುವಂಥದ್ದು. 1965ರಲ್ಲಿ ದಂತ ಸಂಶೋಧಕ ಹರಾಲ್ಡ್ ಲೋ ಮತ್ತು ಸಂಗಡಿಗರು ಡೆನ್ಮಾರ್ಕಿನಲ್ಲಿ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಆರೋಗ್ಯವಾದ ವಸಡಿದ್ದ ಕೆಲವರು ಅವರ ಸೂಚನೆಯಂತೆ ಹಲ್ಲುಜ್ಜುವುದನ್ನು ನಿಲ್ಲಿಸಿದರು. 10ರಿಂದ 21 ದಿನಗಳೊಳಗೆ ಅವರೆಲ್ಲರಿಗೂ ವಸಡಿನ ಉರಿಯೂತ ಕಾಣಿಸಿಕೊಂಡಿತು. ಮತ್ತೆ ಉಜ್ಜಲು ಶುರುಮಾಡಿದ ಸುಮಾರು ಒಂದು ವಾರದಲ್ಲಿ ವಸಡು ಮೊದಲಿನಂತಾಯಿತು. ರಕ್ತ ಬರುವ ಜಾಗವನ್ನು ಬಿಟ್ಟು ಉಜ್ಜುವವರಿಗೆ ನಾನು ಯಾವಾಗಲೂ ಈ ಪ್ರಯೋಗದ ಸಂಗತಿಯನ್ನೇ ಹೇಳುತ್ತೇನೆ.

ಆದ್ದರಿಂದ ಮೊದಲು ಸ್ಕೇಲಿಂಗ್ ಮಾಡಿಸಿಕೊಂಡು ಗಟ್ಟಿಯಾದ ಪದರವನ್ನು ತೆಗೆಸಿಬಿಡಿ. ಬಳಿಕ ಮೆದುವಾದ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಹಿಡಿದು, ಎಳೆಗಳ ತುದಿ ಅಂಚಿನೊಳಗೆ ತುಸು ಇಳಿಯುವಂತೆ ಒತ್ತಿ, ಇದ್ದಲ್ಲೇ ಸಣ್ಣಗೆ ಅಲುಗಾಡಿಸಿ. ಗರಗಸದಂತೆ ಅಡ್ಡಡ್ಡ ಎಳೆಯಬೇಡಿ. ಮುಂಬಲ್ಲುಗಳ ಹಿಂಬದಿಗೆ ಬ್ರಷ್ಷನ್ನು ನೆಟ್ಟಗೆ ನಿಲ್ಲಿಸಿ ತುದಿಯಿಂದ ಉಜ್ಜಿ. ಎರಡು ನಿಮಿಷ, ದಿನಕ್ಕೆ ಎರಡು ಸಲ. ಎರಡರಲ್ಲಿ ಒಂದು ರಾತ್ರಿ ಮಲಗುವ ಮುನ್ನವೇ ಆಗಬೇಕು. ಮೊದಲ ಕೆಲವು ದಿನ ರಕ್ತ ಬಂದೀತು, ನಿಲ್ಲಿಸಬೇಡಿ.

ವಿಟಮಿನ್ ಸಿ ಕೊರತೆಯಿಂದಲೂ ವಸಡಿನಲ್ಲಿ ರಕ್ತ ಬರುವುದುಂಟು, ಆದರೆ ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆ, ಸೊಪ್ಪು ತಿನ್ನುವ ಮನೆಗಳಲ್ಲಿ ಅದು ಅಪರೂಪ. ಮಾತ್ರೆ ಪಾಚಿಯನ್ನಂತೂ ತೆಗೆಯುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಉಜ್ಜದೆ ಇದ್ದಾಗಲೂ ತಾನಾಗಿ ರಕ್ತ ಸೋರುತ್ತಿದ್ದರೆ, ಜೊತೆಗೆ ಜ್ವರ, ವಿಪರೀತ ಸುಸ್ತು, ಚರ್ಮದ ಮೇಲೆ ಕೆಂಪು ಚುಕ್ಕೆ ಅಥವಾ ಕಾರಣವಿಲ್ಲದ ಕಂದುಗಟ್ಟಿದ ಕಲೆಗಳಿದ್ದರೆ, ದಂತವೈದ್ಯರಿಗಿಂತ ಮೊದಲು ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಾಗಲೂ, ಕೆಲವು ಬಗೆಯ ರಕ್ತದ ಕ್ಯಾನ್ಸರ್‌ನಲ್ಲೂ ವಸಡು ಹೀಗೆ ಸೂಚನೆ ಕೊಡುತ್ತದೆ.

ಪ್ರಶ್ನೆ: ನನಗೆ 52 ವರ್ಷ. ಹಲ್ಲು ಕ್ಲೀನ್ ಮಾಡಿಸಲೇಬೇಕೆಂದು ದಂತವೈದ್ಯರು ಹೇಳಿದ್ದಾರೆ. ಆದರೆ ನನ್ನ ಅಕ್ಕ ಕ್ಲೀನ್ ಮಾಡಿಸಿದ ಮೇಲೆ ಹಲ್ಲುಗಳ ನಡುವೆ ಸಂದಿ ಬಿದ್ದು, ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆ. ಎರಡು ಹಲ್ಲು ಅಲ್ಲಾಡುತ್ತಿವೆ. ಒಮ್ಮೆ ಮಾಡಿಸಿದರೆ ಮತ್ತೆ ಮತ್ತೆ ಮಾಡಿಸಬೇಕಾಗುತ್ತದಂತೆ, ನಿಜವೇ? – ತುಮಕೂರು

ಉತ್ತರ: ನಿಮ್ಮ ಅಕ್ಕ ಹೇಳುತ್ತಿರುವುದೆಲ್ಲ ನಿಜವಿರಬಹುದು. ಆದರೆ ಅದರ ದೋಷವನ್ನು ಕ್ಲೀನಿಂಗ್ ಮೇಲೆ ಹೊರಿಸುವುದೆಂದರೆ, ಗೆದ್ದಲು ತಿಂದ ಕಂಬದ ಮೇಲಿನ ಮಣ್ಣನ್ನು ಕೆರೆದು ತೆಗೆದವನೇ ಕಂಬವನ್ನು ಟೊಳ್ಳು ಮಾಡಿದನೆಂದಂತೆ. ವಸಡಿನ ಉರಿಯೂತ ವರ್ಷಗಟ್ಟಲೆ ಉಳಿದು ಆಳಕ್ಕೆ ಇಳಿದರೆ, ಹಲ್ಲಿನ ಬೇರನ್ನು ದವಡೆಯ ಮೂಳೆಗೆ ಕಟ್ಟಿಹಿಡಿದಿರುವ ನಾರುಗಳು ಬಿಟ್ಟುಕೊಳ್ಳುತ್ತವೆ, ಮೂಳೆಯ ಅಂಚು ಕರಗುತ್ತ ಹೋಗುತ್ತದೆ. ಇದನ್ನು ಪೆರಿಯೋಡಾಂಟೈಟಿಸ್ ಎನ್ನುತ್ತಾರೆ. ಹಿಂದಿನವರು ಪಯೋರಿಯಾ ಎನ್ನುತ್ತಿದ್ದರು. ಇಷ್ಟೆಲ್ಲ ನಡೆಯುವಾಗಲೂ ನೋವು ಇರುವುದಿಲ್ಲ. ಖಾಲಿಯಾದ ಜಾಗವನ್ನು ಊದಿದ ವಸಡೂ ಗಟ್ಟಿಯಾದ ಕಿಟ್ಟವೂ ತುಂಬಿಕೊಂಡಿರುವುದರಿಂದ ಎಲ್ಲ ಸರಿಯಿದ್ದಂತೆ ತೋರುತ್ತದೆ. ಕಿಟ್ಟ ತೆಗೆದು ಊತ ಇಳಿದ ಮೇಲೆ ಮೂಳೆ ಎಷ್ಟು ಹೋಗಿದೆಯೆಂಬುದು ಕಣ್ಣಿಗೆ ಬೀಳುತ್ತದೆ. ಮುಚ್ಚಿಹೋಗಿದ್ದ ಬೇರಿನ ಭಾಗ ತೆರೆದುಕೊಂಡದ್ದರಿಂದ ಜುಮ್ಮೆನ್ನುತ್ತದೆ. ಜುಮ್ಮೆನ್ನುವುದನ್ನು ತಗ್ಗಿಸುವ ಪೇಸ್ಟ್ ಬಳಸಿದರೆ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಅದು ಕಡಿಮೆಯಾಗುತ್ತದೆ.

ನಿಮ್ಮ ವಿಷಯದಲ್ಲಿ ಕೇಳಬೇಕಾದ ಮೊದಲ ಮಾತೆಂದರೆ, ವಸಡನ್ನು ಅಳೆದು ನೋಡಿದ್ದಾರೆಯೇ ಎಂಬುದು. ಮಿಲಿಮೀಟರ್ ಗುರುತುಗಳಿರುವ, ತುದಿ ಮೊಂಡಾದ ತೆಳ್ಳನೆಯ ಲೋಹದ ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸುತ್ತಾರೆ. ಒಂದೊಂದು ಹಲ್ಲಿಗೂ ಹೊರಗಡೆ ಮೂರು, ಒಳಗಡೆ ಮೂರು, ಹೀಗೆ ಆರು ಕಡೆ ಅಳೆದು ವೈದ್ಯರು ‘ಮೂರು, ಎರಡು, ಆರು’ ಎಂದು ಹೇಳುತ್ತ ಹೋದಂತೆ ಸಹಾಯಕರು ಬರೆದುಕೊಳ್ಳುತ್ತಾರೆ. ಒಂದರಿಂದ ಮೂರು ಮಿಲಿಮೀಟರ್ ಇದ್ದರೆ ಆರೋಗ್ಯದ ಲಕ್ಷಣ. ನಾಲ್ಕು ಮತ್ತು ಅದಕ್ಕಿಂತ ಹೆಚ್ಚಿದ್ದು ಕಡ್ಡಿ ತೆಗೆದಾಗ ರಕ್ತವೂ ಬಂದರೆ ಅಲ್ಲೊಂದು ಪಾಕೆಟ್ ಇದೆ, ಅಂದರೆ ಬ್ರಷ್ ತಲುಪದ ಆಳದಲ್ಲಿ ಪಾಚಿ ನೆಲೆಸಿದೆ ಎಂದರ್ಥ. ಇದರ ಜೊತೆಗೆ ಎಕ್ಸ್‌ರೇಯಲ್ಲಿ ಮೂಳೆಯ ಮಟ್ಟ ನೋಡಬೇಕು. ಈ ಎರಡೂ ಇಲ್ಲದೆ ಬರೀ ಕಣ್ಣಲ್ಲಿ ನೋಡಿ ವಸಡು ಚೆನ್ನಾಗಿದೆ ಅಥವಾ ಕೆಟ್ಟಿದೆ ಎನ್ನುವುದರ ಮೇಲೆ ನನಗೆ ಭರವಸೆಯಿಲ್ಲ.

ಪಾಕೆಟ್ ಇದ್ದಲ್ಲಿ ಮೇಲಿನ ಕ್ಲೀನಿಂಗ್ ಸಾಲದು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವಸಡಿನ ಕೆಳಗೆ ಬೇರಿನ ಮೇಲಿರುವ ಕಿಟ್ಟವನ್ನು ಕೆರೆದು ನಯಗೊಳಿಸುತ್ತಾರೆ. ಬಾಯಿಯ ಒಂದೊಂದು ಭಾಗಕ್ಕೆ ಒಂದೊಂದು ಭೇಟಿ ಬೇಕಾಗಬಹುದು. ಕೆಲವು ವಾರ ಬಿಟ್ಟು ಮತ್ತೆ ಅದೇ ಕಡ್ಡಿಯಿಂದ ಅಳೆದಾಗ ಅನೇಕ ಪಾಕೆಟ್‌ಗಳು ಕುಗ್ಗಿರುತ್ತವೆ. ಕುಗ್ಗದೆ ಆಳವಾಗಿಯೇ ಉಳಿದ ಕಡೆ ವಸಡನ್ನು ಬಿಡಿಸಿ ಕಣ್ಣಾರೆ ಕಂಡು ಶುಚಿಗೊಳಿಸುವ ಫ್ಲ್ಯಾಪ್ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ. ಕರಗಿಹೋದ ಮೂಳೆ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಬಾವಿಯ ಆಕಾರದಲ್ಲಿ ಕರಗಿದ ಕೆಲವು ಜಾಗಗಳಲ್ಲಿ ಮಾತ್ರ ಮೂಳೆಯ ಪುಡಿ ತುಂಬಿ ಸ್ವಲ್ಪ ಮಟ್ಟಿಗೆ ಮರಳಿ ಪಡೆಯಬಹುದು. ಚಿಕಿತ್ಸೆಯ ಉದ್ದೇಶ ಇರುವುದನ್ನು ಉಳಿಸಿಕೊಳ್ಳುವುದು.

ಮತ್ತೆ ಮತ್ತೆ ಮಾಡಿಸಬೇಕು ಎಂಬ ಮಾತು ನಿಜ. ಆದರೆ ಕ್ಲೀನಿಂಗ್ ಅಭ್ಯಾಸವಾಗಿಬಿಡುತ್ತದೆಂದು ಹೀಗೆ ಮಾಡಿಸುವುದಲ್ಲ, ಪಾಚಿ ದಿನವೂ ಹೊಸದಾಗಿ ಕಟ್ಟುತ್ತದೆ. ಮೂಳೆ ಕಳೆದುಕೊಂಡವರು ಮೂರು-ನಾಲ್ಕು ತಿಂಗಳಿಗೊಮ್ಮೆ ತೋರಿಸಿಕೊಳ್ಳುತ್ತಿರುವುದೇ ಒಳ್ಳೆಯದು. ಸಂದಿ ದೊಡ್ಡದಾದ ಕಡೆ, ಹಲ್ಲುಗಳ ನಡುವೆ ಶುಚಿಗೊಳಿಸುವ ದಾರಕ್ಕಿಂತ (ಫ್ಲಾಸ್), ಬಾಟಲಿ ತೊಳೆಯುವ ಬ್ರಷ್ಷಿನ ಆಕಾರದ ಪುಟ್ಟ ಇಂಟರ್‌ಡೆಂಟಲ್ ಬ್ರಷ್ ಹೆಚ್ಚು ಕೆಲಸ ಮಾಡುತ್ತದೆ. ಸಂದಿಯಲ್ಲಿ ತುಸು ಬಿಗಿಯಾಗಿ ಹಾಯುವ ಅಳತೆ ಯಾವುದೆಂದು ವೈದ್ಯರಿಂದಲೇ ಆರಿಸಿಕೊಳ್ಳಿ.

ಪ್ರಶ್ನೆ: ನನ್ನ ತಂದೆಗೆ 60. ನಲವತ್ತು ವರ್ಷದಿಂದ ಎಲೆ, ಅಡಿಕೆ, ಸುಣ್ಣದ ಜೊತೆ ಹೊಗೆಸೊಪ್ಪು ಹಾಕುತ್ತಾರೆ. ಅವರ ವಸಡಿನಲ್ಲಿ ಒಂದು ದಿನವೂ ರಕ್ತ ಬಂದಿಲ್ಲ. ಆದರೆ ಹಲ್ಲುಗಳು ಉದ್ದವಾದಂತೆ ಕಾಣುತ್ತವೆ. ಕವಳ ಹಲ್ಲಿಗೆ ಒಳ್ಳೆಯದೆಂದೇ ಅವರ ವಾದ. – ಶಿರಸಿ

ಉತ್ತರ: ಹಲ್ಲು ಉದ್ದವಾಗಿಲ್ಲ, ವಸಡು ಹಿಂದೆ ಸರಿದಿದೆ. ಯಾವ ಕೆನ್ನೆಯಲ್ಲಿ ಕವಳ ಇಡುತ್ತಾರೋ ಆ ಬದಿಯಲ್ಲೇ ಹೆಚ್ಚು ಸರಿದಿರುತ್ತದೆ, ನೋಡಿ. ರಕ್ತ ಬಾರದಿರುವುದನ್ನು ಆರೋಗ್ಯದ ಗುರುತೆಂದು ಇಂಥವರಲ್ಲಿ ತಿಳಿಯುವಂತಿಲ್ಲ. ತಂಬಾಕು, ಅದರಲ್ಲೂ ಬೀಡಿ-ಸಿಗರೇಟು, ವಸಡಿನ ರಕ್ತಸ್ರಾವವನ್ನು ಅಡಗಿಸುತ್ತದೆ. ಮೇಲೆ ವಸಡು ಗಟ್ಟಿಯಾಗಿ, ಬಿಳಿಚಿಕೊಂಡು, ಏನೂ ಆಗದಂತೆ ಕಾಣುತ್ತಿದ್ದರೂ ಒಳಗೆ ಮೂಳೆ ಕರಗುತ್ತಲೇ ಇರುತ್ತದೆ. ತಂಬಾಕು ಬಿಡದವರಲ್ಲಿ ಚಿಕಿತ್ಸೆಯ ಫಲವೂ ಕಡಿಮೆ. ಅಮೆರಿಕ ಮತ್ತು ಯುರೋಪಿನ ವಸಡು ತಜ್ಞರ ಸಂಘಗಳು 2018ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ, ದಿನಕ್ಕೆ 10 ಅಥವಾ ಹೆಚ್ಚು ಸಿಗರೇಟು ಸೇದುವವರ ಕಾಯಿಲೆಯನ್ನು ವೇಗವಾಗಿ ಹೆಚ್ಚುವ ದರ್ಜೆಗೆ ಸೇರಿಸಲಾಗಿದೆ.

ವಸಡಿಗಿಂತಲೂ ನನಗೆ ಹೆಚ್ಚು ಚಿಂತೆಯಾಗುವುದು ಬಾಯಿಯ ಉಳಿದ ಭಾಗದ ಬಗ್ಗೆ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕೆನ್ನೆಯ ಒಳಚರ್ಮವನ್ನು ನಾರುಗಟ್ಟಿಸಿ ಬಾಯಿ ತೆರೆಯದಂತೆ ಮಾಡಬಲ್ಲದು, ಇದು ಮುಂದೆ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆಯಿದೆ. ಅಡಿಕೆ ಬೆಳೆದು ಬದುಕುವ ಊರಿನವರಿಗೆ ಈ ಮಾತು ಹಿತವಾಗಿ ಕೇಳುವುದಿಲ್ಲವೆಂದು ಬಲ್ಲೆ. ಆದರೂ ವೈದ್ಯನಾಗಿ ಬೇರೆ ಹೇಳಲಾರೆ. ತಂದೆಯವರು ತಮ್ಮದೇ ಮೂರು ಬೆರಳುಗಳನ್ನು ಮೇಲಿಂದ ಕೆಳಗೆ ನಿಲ್ಲಿಸಿ ಮುಂಬಲ್ಲುಗಳ ನಡುವೆ ತೂರಿಸಿ ನೋಡಲಿ. ತೂರದಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಅಥವಾ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಈ ವಾರವೇ ತೋರಿಸಿ.

ಪ್ರಶ್ನೆ: ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) 8.6. ವಸಡಿನಲ್ಲಿ ಆಗಾಗ ಕೀವು ತುಂಬಿದ ಗುಳ್ಳೆ ಏಳುತ್ತದೆ. ಸಕ್ಕರೆ ಹತೋಟಿಗೆ ಬರುವ ತನಕ ಹಲ್ಲಿನ ಚಿಕಿತ್ಸೆ ಬೇಡವೆಂದು ಮನೆಯವರು ಹೇಳುತ್ತಾರೆ. – ಮಂಡ್ಯ

ಉತ್ತರ: ಕಾಯುವುದರಿಂದ ಎರಡೂ ಕೆಡುತ್ತವೆ. ಸಕ್ಕರೆ ಹೆಚ್ಚಿದ್ದಾಗ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳ ಕೆಲಸ ಕುಂದುತ್ತದೆ, ಗಾಯ ಮಾಯುವುದು ನಿಧಾನವಾಗುತ್ತದೆ, ವಸಡು ಬೇಗ ಹಾಳಾಗುತ್ತದೆ. ಅತ್ತ ವಸಡಿನಲ್ಲಿ ಸದಾ ಉರಿಯೂತ ಇರುವುದರಿಂದ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ ಸಕ್ಕರೆ ಇಳಿಯುವುದು ಕಷ್ಟವಾಗುತ್ತದೆ. ವಸಡಿನ ಆಳದ ಶುಚಿಕಾರ್ಯದಿಂದ ಮೂರು-ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ ಸರಾಸರಿ 0.4ರಷ್ಟು ಇಳಿಯುವುದನ್ನು ಅನೇಕ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಕಂಡುಕೊಂಡಿದ್ದಾರೆ; ಕೇಳಲು ಸಣ್ಣದೆನಿಸಿದರೂ, ಮಾತ್ರೆಗೆ ಮಾತ್ರೆ ಸೇರಿಸುತ್ತ ಬಂದವರಿಗೆ ಇದರ ಬೆಲೆ ಗೊತ್ತು. ಇದರಿಂದ ಸಕ್ಕರೆಯ ಔಷಧ ಬಿಡಬಹುದೆಂದು ಮಾತ್ರ ತಿಳಿಯಬೇಡಿ.

ಕೀವಿನ ಗುಳ್ಳೆ ಪದೇ ಪದೇ ಏಳುವುದು ಆಳವಾದ ಪಾಕೆಟ್‌ನ ಗುರುತಾಗಿರಬಹುದು, ಹಲ್ಲಿನ ಒಳಗಿನ ನರ ಸತ್ತಿರುವುದರ ಗುರುತೂ ಆಗಿರಬಹುದು. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆಯಾದ್ದರಿಂದ ಎಕ್ಸ್‌ರೇ ತೆಗೆಸಬೇಕು. ಚಿಕಿತ್ಸೆಗೆ ಬೆಳಗಿನ ಸಮಯ ಗೊತ್ತುಮಾಡಿಕೊಳ್ಳಿ. ಎಂದಿನಂತೆ ತಿಂಡಿ ತಿಂದು, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹೋಗಿ. ಹಲ್ಲು ಕೀಳಿಸುವುದಿದೆಯೆಂದು ಉಪವಾಸ ಬಂದು ಕುರ್ಚಿಯಲ್ಲೇ ಸಕ್ಕರೆ ಇಳಿದು ಬೆವರುವವರನ್ನು ನಾವು ಆಗಾಗ ನೋಡುತ್ತೇವೆ. ಶಸ್ತ್ರಚಿಕಿತ್ಸೆಯನ್ನು ಸಕ್ಕರೆ ಇಳಿಯುವವರೆಗೆ ಮುಂದೂಡಬಹುದು, ಶುಚಿಕಾರ್ಯವನ್ನು ಮುಂದೂಡುವ ಅಗತ್ಯವಿಲ್ಲ.

ಪ್ರಶ್ನೆ: ವಸಡು ಊದಿದಾಗಲೆಲ್ಲ ಔಷಧ ಅಂಗಡಿಯಿಂದ ಐದು ದಿನದ ಆಂಟಿಬಯಾಟಿಕ್ ತರುತ್ತೇನೆ, ಇಳಿಯುತ್ತದೆ. ಒಂದೆರಡು ತಿಂಗಳಿಗೆ ಮತ್ತೆ ಬರುತ್ತದೆ. ದಿನವೂ ಮೌತ್‌ವಾಶ್ ಬಳಸುತ್ತಿದ್ದೇನೆ, ಈಗ ಹಲ್ಲು ಕಂದಾಗಿದೆ. – ಹುಬ್ಬಳ್ಳಿ

ಉತ್ತರ: ಪಾಚಿಯೊಳಗಿನ ಬ್ಯಾಕ್ಟೀರಿಯಾಗಳು ಅಂಟಿನ ಪದರದ ಮರೆಯಲ್ಲಿ ಇರುವುದರಿಂದ ರಕ್ತದ ಮೂಲಕ ಬರುವ ಔಷಧ ಅವುಗಳನ್ನು ಸರಿಯಾಗಿ ಮುಟ್ಟುವುದಿಲ್ಲ. ಊತ ಇಳಿಯುತ್ತದೆ, ಕಾರಣ ಅಲ್ಲೇ ಇರುತ್ತದೆ. ಹೀಗೆ ಪದೇ ಪದೇ ತಿಂದರೆ, ಮುಂದೆ ನಿಜವಾಗಿ ಬೇಕಾದ ದಿನ ಅದೇ ಔಷಧ ನಾಟದೆ ಹೋಗಬಹುದು. ಮುಖ ಊದಿ ಜ್ವರ ಬಂದಾಗ, ಅಥವಾ ಕಾಯಿಲೆ ವೇಗವಾಗಿ ಹರಡುವ ಕೆಲವರಲ್ಲಿ, ಅದೂ ಶುಚಿಕಾರ್ಯದ ಜೊತೆಗೇ, ಆಂಟಿಬಯಾಟಿಕ್‌ಗೆ ಸ್ಥಾನವಿದೆ.

ನಿಮ್ಮ ಮೌತ್‌ವಾಶ್ ಬಹುಶಃ ಕ್ಲೋರ್‌ಹೆಕ್ಸಿಡೀನ್ ಇರುವಂಥದ್ದು. ಅದು ಒಳ್ಳೆಯ ಔಷಧವೇ, ಆದರೆ ಒಂದೆರಡು ವಾರಕ್ಕೆ ಮಾತ್ರ. ಹೆಚ್ಚು ದಿನ ಬಳಸಿದರೆ ಹಲ್ಲು, ನಾಲಿಗೆ ಕಂದಾಗುತ್ತವೆ, ರುಚಿ ಕೆಡುತ್ತದೆ. ಈ ಕಂದು ಬಣ್ಣ ಕ್ಲೀನಿಂಗ್‌ನಲ್ಲಿ ಹೋಗುತ್ತದೆ. ಬಿಸಿ ಉಪ್ಪುನೀರಿನಿಂದ ಮುಕ್ಕಳಿಸುವುದು ಹಿತ ಕೊಡುತ್ತದೆ. ಇದ್ದಿಲ ಪುಡಿ, ಉಪ್ಪಿನ ಹರಳು ಹಾಕಿ ತಿಕ್ಕುವುದು ಹಲ್ಲನ್ನೂ ವಸಡನ್ನೂ ಸವೆಸುತ್ತದೆ. ಎಣ್ಣೆ ಮುಕ್ಕಳಿಸುವವರು ಮುಕ್ಕಳಿಸಲಿ, ಆದರೆ ಅದು ಬ್ರಷ್ಷಿನ ಬದಲಿಯಲ್ಲ.

ಪ್ರಶ್ನೆ: ನಾನು ಐದು ತಿಂಗಳ ಗರ್ಭಿಣಿ. ಎರಡು ಹಲ್ಲುಗಳ ನಡುವೆ ವಸಡು ಕೆಂಪಗೆ ಗಡ್ಡೆಯಂತೆ ಬೆಳೆದಿದೆ, ಮುಟ್ಟಿದರೆ ರಕ್ತ. ಮಗುವಿಗೆ ತೊಂದರೆಯೆಂದು ಯಾರೂ ಚಿಕಿತ್ಸೆಗೆ ಬಿಡುತ್ತಿಲ್ಲ. – ಕುಂದಾಪುರ

ಉತ್ತರ: ಗಾಬರಿ ಬೇಡ. ಬಸುರಿಯಲ್ಲಿ ಹಾರ್ಮೋನುಗಳ ಏರಿಕೆಯಿಂದ ಸ್ವಲ್ಪ ಪಾಚಿಗೂ ವಸಡು ಅತಿಯಾಗಿ ಊದಿಕೊಳ್ಳುತ್ತದೆ. ಅಲ್ಲೊಂದು ಇಲ್ಲೊಂದು ಗಡ್ಡೆಯೂ ಏಳುವುದುಂಟು. ಅದು ಕ್ಯಾನ್ಸರ್ ಅಲ್ಲ, ಎಷ್ಟೋ ಸಲ ಹೆರಿಗೆಯ ಬಳಿಕ ತಾನೇ ಕುಗ್ಗುತ್ತದೆ. ಆದರೂ ದಂತವೈದ್ಯರು ಒಮ್ಮೆ ನೋಡಿ ಖಚಿತಪಡಿಸಲಿ. ನಾಲ್ಕರಿಂದ ಆರನೆಯ ತಿಂಗಳು ಹಲ್ಲಿನ ಚಿಕಿತ್ಸೆಗೆ ಅನುಕೂಲವಾದ ಕಾಲ, ನೀವು ಈಗ ಅದರಲ್ಲೇ ಇದ್ದೀರಿ. ಸ್ಕೇಲಿಂಗ್ ಮಾಡಿಸಿಕೊಳ್ಳಬಹುದು, ಸಾಮಾನ್ಯವಾಗಿ ಬಳಸುವ ಮರಗಟ್ಟುವ ಇಂಜೆಕ್ಷನ್‌ನಿಂದಲೂ ತೊಂದರೆಯಿಲ್ಲ. ಟೆಟ್ರಾಸೈಕ್ಲಿನ್ ಗುಂಪಿನ ಔಷಧ ಮಗುವಿನ ಹಲ್ಲಿನ ಬಣ್ಣ ಕೆಡಿಸುತ್ತದೆ, ಅದು ಬೇಡ. ನೋವಿನ ಮಾತ್ರೆಯನ್ನೂ ಕೇಳದೆ ನುಂಗಬೇಡಿ. ವಾಂತಿಯಾದ ಕೂಡಲೇ ಉಜ್ಜದೆ, ನೀರಿನಿಂದ ಬಾಯಿ ತೊಳೆದು ಅರ್ಧ ಗಂಟೆ ಬಿಟ್ಟು ಉಜ್ಜಿ.

ಪ್ರಶ್ನೆ: ಮಗನಿಗೆ 14 ವರ್ಷ. ಹಲ್ಲಿನ ಮೇಲೆ ಕಂದು ಕಲೆಗಳಿವೆ. ಎರಡು ಸಲ ಕ್ಲೀನ್ ಮಾಡಿಸಿದರೂ ಹೋಗಿಲ್ಲ. ವಸಡಿನ ಕಾಯಿಲೆಯೇ? – ಬಾಗೇಪಲ್ಲಿ

ಉತ್ತರ: ನಿಮ್ಮ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಕಲೆ ಹಲ್ಲಿನ ಎನಾಮಲ್ ಒಳಗೇ ಉಳಿಯುತ್ತದೆ. ಇದಕ್ಕೂ ವಸಡಿಗೂ ಸಂಬಂಧವಿಲ್ಲ, ಸ್ಕೇಲಿಂಗ್‌ನಿಂದ ಹೋಗುವುದೂ ಇಲ್ಲ. ಮೇಲ್ಪದರಕ್ಕೆ ಮಾಡುವ ಬೇರೆ ಚಿಕಿತ್ಸೆಗಳಿವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅವರ ಕುಡಿಯುವ ನೀರನ್ನು ಈಗಲೇ ಬದಲಿಸಿ.

ಪ್ರಶ್ನೆ: 19 ವರ್ಷದ ತಂಗಿಯ ಮೇಲಿನ ಮುಂಬಲ್ಲುಗಳ ನಡುವೆ ಆರು ತಿಂಗಳಲ್ಲಿ ಸಂದಿ ಬಿದ್ದು ಹಲ್ಲು ಅಲ್ಲಾಡುತ್ತಿದೆ. ಹೆಚ್ಚು ಪಾಚಿಯೂ ಇಲ್ಲ. ಕ್ಲಿಪ್ ಹಾಕಿಸಿದರೆ ಸರಿಹೋಗುವುದೇ? – ಕಲಬುರಗಿ

ಉತ್ತರ: ಕ್ಲಿಪ್ ಹಾಕಿಸುವ ಮೊದಲು ವಸಡು ತಜ್ಞರಿಗೇ ತೋರಿಸಿ, ತಡ ಮಾಡಬೇಡಿ. ಹದಿಹರೆಯದಲ್ಲಿ ಶುರುವಾಗಿ, ಮುಂಬಲ್ಲು ಮತ್ತು ಮೊದಲ ದವಡೆ ಹಲ್ಲುಗಳ ಮೂಳೆಯನ್ನೇ ಹಿಡಿದು ಬೇಗ ಬೇಗ ಕರಗಿಸುವ ಬಗೆಯೊಂದಿದೆ. ಇದರಲ್ಲಿ ಪಾಚಿ ಕಡಿಮೆಯೇ ಕಾಣುತ್ತದೆ. ಒಂದೇ ಮನೆಯಲ್ಲಿ ಹಲವರಿಗೆ ಬರುವುದೂ ಉಂಟು, ಆದ್ದರಿಂದ ನೀವೂ ಪರೀಕ್ಷಿಸಿಕೊಳ್ಳಿ. ಆಳದ ಶುಚಿಕಾರ್ಯದ ಜೊತೆಗೆ ಆಂಟಿಬಯಾಟಿಕ್ ಉಪಯೋಗಕ್ಕೆ ಬರುವುದು ಇಂಥ ಕಡೆಯೇ. ಉರಿಯೂತ ಇರುವಾಗಲೇ ಕ್ಲಿಪ್ ಹಾಕಿ ಹಲ್ಲನ್ನು ಸರಿಸಿದರೆ ಉಳಿದ ಮೂಳೆಯೂ ಹೋಗುತ್ತದೆ. ಕಾಯಿಲೆ ಹತೋಟಿಗೆ ಬಂದ ಮೇಲೆ ಸಂದಿ ಮುಚ್ಚಿಸಬಹುದು.

ಪ್ರಶ್ನೆ: ನನಗೆ 68. ಎಂಟು ಹಲ್ಲುಗಳು ಅಲ್ಲಾಡುತ್ತಿವೆ. ಎಲ್ಲವನ್ನೂ ತೆಗೆಸಿ ಇಂಪ್ಲಾಂಟ್ (ದವಡೆಯ ಮೂಳೆಗೆ ಕೂರಿಸುವ ಕೃತಕ ಹಲ್ಲು) ಹಾಕಿಸಿಬಿಟ್ಟರೆ ವಸಡಿನ ಕಾಟವೇ ಇರುವುದಿಲ್ಲವೆಂದು ಸ್ನೇಹಿತರು ಹೇಳುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿದೆ, ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದೇನೆ. ಅಷ್ಟು ಹಣವೂ ಇಲ್ಲ. – ಮೈಸೂರು

ಉತ್ತರ: ಸ್ನೇಹಿತರ ಮಾತು ಸರಿಯಲ್ಲ. ಇಂಪ್ಲಾಂಟ್ ಸುತ್ತಲೂ ಪಾಚಿ ಕಟ್ಟುತ್ತದೆ, ಅದರ ಸುತ್ತಲಿನ ಮೂಳೆಯೂ ಕರಗಬಹುದು. ವಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರಲ್ಲಿ ಈ ಅಪಾಯ ಇನ್ನೂ ಹೆಚ್ಚು. ಅಲ್ಲಾಡುವ ಹಲ್ಲುಗಳೆಲ್ಲ ಕೀಳಬೇಕಾದವೂ ಅಲ್ಲ. ಊತ ಇಳಿದ ಮೇಲೆ ಕೆಲವು ತಾನಾಗಿ ಬಿಗಿಯಾಗುತ್ತವೆ, ಕೆಲವನ್ನು ಅಕ್ಕಪಕ್ಕದ ಹಲ್ಲಿಗೆ ತಂತಿಯಿಂದ ಸೇರಿಸಿ ವರ್ಷಗಳವರೆಗೆ ಉಳಿಸಬಹುದು. ಮೇಲಕ್ಕೂ ಕೆಳಕ್ಕೂ ಕುಸಿಯುವಷ್ಟು ಸಡಿಲವಾದದ್ದನ್ನು ಮಾತ್ರ ತೆಗೆಸಬೇಕಾಗಬಹುದು. ಆದ್ದರಿಂದ ಮೊದಲು ಶುಚಿಕಾರ್ಯ, ಆಮೇಲೆ ಲೆಕ್ಕ.

ಆಸ್ಪಿರಿನ್ ಮಾತ್ರೆಯನ್ನು ಹಲ್ಲಿಗಾಗಿ ನೀವಾಗಿಯೇ ನಿಲ್ಲಿಸಬೇಡಿ. ಒಂದೆರಡು ಹಲ್ಲು ಕಿತ್ತ ಜಾಗದ ರಕ್ತವನ್ನು ಹತ್ತಿ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು; ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಕೃತಕ ಕವಾಟ ಇರುವವರಿಗೆ ಇಂಥ ಚಿಕಿತ್ಸೆಗೆ ಮುನ್ನ ಆಂಟಿಬಯಾಟಿಕ್ ಕೊಡುತ್ತಾರೆ, ಬರೀ ಸ್ಟೆಂಟ್ ಇರುವವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಹಣದ ವಿಷಯಕ್ಕೆ ಬಂದರೆ, ನಿಮ್ಮ ಊರೂ ಸೇರಿದಂತೆ ರಾಜ್ಯದ ಹಲವು ನಗರಗಳಲ್ಲಿ ದಂತ ವೈದ್ಯಕೀಯ ಕಾಲೇಜುಗಳಿವೆ. ಅವುಗಳ ಪೆರಿಯೋಡಾಂಟಿಕ್ಸ್ (ವಸಡು ಚಿಕಿತ್ಸೆ) ವಿಭಾಗದಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ಮಾಡುತ್ತಾರೆ. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಖರ್ಚು ಖಾಸಗಿ ಕ್ಲಿನಿಕ್‌ಗಿಂತ ಸಾಕಷ್ಟು ಕಡಿಮೆ. ಹೋಗುವಾಗ ಸ್ಟೆಂಟ್ ಹಾಕಿದ ದಿನಾಂಕವಿರುವ ಡಿಸ್ಚಾರ್ಜ್ ಚೀಟಿ, ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಜೊತೆಗಿರಲಿ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಿ, ಏಕೆಂದರೆ ಕೆಲವರಲ್ಲಿ ಆ ಮಾತ್ರೆಯಿಂದಲೇ ವಸಡು ದಪ್ಪವಾಗಿ ಬೆಳೆಯುತ್ತದೆ. ಅಗತ್ಯವಿದ್ದರೆ ನಿಮ್ಮ ಹೃದಯ ವೈದ್ಯರು ಅದನ್ನು ಬದಲಿಸಿಕೊಡುತ್ತಾರೆ.